ಒಂದೇ ಸಲ ಕರೆದವನ ಕಾರ್ಡು

ಕಡಲದಂಡೆಯ ನಮ್ಮೂರು ಅವರ್ಸಾದಲ್ಲಿ ಒಂದು ನಿಯಮ ಇದೆ. ದೀಪ ಹಚ್ಚುವ ಹೊತ್ತಿಗೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ತಕ್ಷಣ 'ಓ' ಅನ್ನಬಾರದು. ಎರಡನೇ ಸಲ ಕರೆಯುವವರೆಗೆ ಕಾಯಬೇಕು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ಅದು ಮಾತ್ರ ಒಂದೇ ಸಲ ಕರೆಯುತ್ತದೆ. 'ಅದು' ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಯಾರೂ ಬಿಡಿಸಿ ಹೇಳಿದ್ದಿಲ್ಲ.

ನನ್ನ ಹವ್ಯಾಸ ಹ್ಯಾಮ್ ರೇಡಿಯೊ, ಮನೆಯಲ್ಲೇ ಕೂತು ದೂರದೇಶದವರೊಡನೆ ಮಾತಾಡುವ ರೇಡಿಯೊ; ಅದರ ಕಾಂಟೆಸ್ಟಿನ ನಿಯಮ ಇದಕ್ಕೆ ಪೂರಾ ಉಲ್ಟಾ. ಗೊತ್ತುಮಾಡಿದ ಹೊತ್ತಿನೊಳಗೆ ಜಗತ್ತಿನ ಎಷ್ಟು ಜನರನ್ನು ಮಾತಿಗೆ ಹಿಡಿಯುತ್ತೀರಿ ಅನ್ನುವುದೇ ಪಂದ್ಯ. ಮೊದಲ ಕರೆಗೇ ಓಗೊಡಬೇಕು, ತಡಮಾಡಿದರೆ ಕರೆದವನು ಬೇರೆಯವರ ಕಡೆ ಹೋಗುತ್ತಾನೆ. ಅವನ ಮಾತು ನನಗೆ, ನನ್ನ ಮಾತು ಅವನಿಗೆ, ಎರಡೂ ಮುಟ್ಟಿದರೆ ಮಾತ್ರ ಲೆಕ್ಕ. ಆಮೇಲೆ 'ಹೌದು, ನಾವು ಮಾತಾಡಿದ್ದು ನಿಜ' ಅಂತ ಇಬ್ಬರೂ ಅಂಚೆಯಲ್ಲಿ ಕಾರ್ಡು ಕಳಿಸಿಕೊಳ್ಳುತ್ತೇವೆ.

ನನಗೆ ಇದನ್ನು ಯಾರೂ ಕಲಿಸಲಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತು, ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡೆ. ಬ್ಯಾಟರಿ, ಕೇಬಲ್ಲು ಕಾರವಾರದಿಂದ ತಂದೆ. ಕಾರ್ಡುಗಳನ್ನು ಅಂಕೋಲೆಯಲ್ಲಿ ಅಚ್ಚು ಹಾಕಿಸಿದೆ. ಹಿತ್ತಿಲ ಎರಡು ತೆಂಗಿನಮರಗಳ ನಡುವೆ ಆಂಟೆನಾ ತಂತಿ ಕಟ್ಟಿಸಿದಾಗ ಕಾಯಿ ಕೊಯ್ಯುವವನು ಮೇಲಿಂದಲೇ ಕೇಳಿದ್ದ, "ಬಟ್ಟೆ ಒಣಗ್ಸೂಕೆ ಇಷ್ಟು ಎತ್ತರ ಬೇಕಾ ತಮಾ?"

ಅದೊಂದು ಕಾಂಟೆಸ್ಟಿನ ಸಂಜೆ. ಅಜ್ಜಿ ತುಳಸಿಗೆ ದೀಪ ಇಟ್ಟು ಬರುತ್ತಿದ್ದಳು. ನನ್ನ ರೇಡಿಯೊ ಬರೀ ಗೊರಗೊರ. ಆ ಗೊರಗೊರದ ತಳದಿಂದ, ಬಾವಿಯೊಳಗಿಂದ ಬಂದ ಹಾಗೆ, ಒಬ್ಬ ಗಂಡಸಿನ ದನಿ ನನ್ನ ಕರೆಸಂಕೇತ, ಅಂದರೆ ರೇಡಿಯೊದಲ್ಲಿ ನನ್ನ ಹೆಸರು, ಹೇಳಿತು. ಹಿಂದೆಯೇ ತನ್ನದನ್ನೂ ಹೇಳಿತು. ನಾನು ಕೂಡಲೇ ಉತ್ತರಿಸಿದೆ. ಅತ್ತಲಿಂದ ಏನೂ ಇಲ್ಲ. ಮತ್ತೆ ಮತ್ತೆ ಕರೆದೆ. ಇಲ್ಲ.

"ಥೋ, ಒಂದೇ ಸಲ ಕರೆದು ಹೋಗ್ಬಿಟ್ಟ," ಎಂದೆ.

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. "ಒಂದೇ ಸಲವಾ? ನೀ ಓ ಅಂದ್ಯಾ?"

"ಅಂದೆ. ಅನ್ನೂಕೇ ಕೂತಿದ್ದಲ್ಲಾ."

ಅಜ್ಜಿ ಒಳಗೆ ಹೋಗಿ ಉಪ್ಪು ಮೆಣಸು ತಂದು ನನ್ನ ತಲೆಯ ಸುತ್ತ ನಿವಾಳಿಸಿ ಒಲೆಗೆ ಹಾಕಿದಳು. ಆಯಿ, ಅಂದರೆ ನನ್ನ ತಾಯಿ, ಹೊಗೆಗೆ ಕೆಮ್ಮುತ್ತಾ, "ಆ ರೇಡಿಯೊಕ್ಕೂ ಒಂದ್ಸಲ ನಿವಾಳ್ಸಿಬಿಡಿ ಅತ್ತೆ, ಅದ್ಕೇ ಹಿಡಿದದ್ದು ದೆವ್ವ," ಎಂದಳು. ಅಜ್ಜಿ ನಗಲಿಲ್ಲ. ಅವತ್ತಿನಿಂದ ಸಂಜೆಯಾದರೆ ನನ್ನ ಕೋಣೆಯ ಹತ್ತಿರವೇ ಕೂರತೊಡಗಿದಳು.

ಮಳೆಗಾಲ ಕಳೆದ ಮೇಲೆ ಒಂದು ಕಾರ್ಡು ಬಂತು. ಮುಂದುಗಡೆ ಚಿತ್ರದಲ್ಲಿ ಯಾವುದೋ ದೂರದ ಸಣ್ಣ ದ್ವೀಪ, ಬಂಡೆಯ ಮೇಲೊಂದು ತಗಡಿನ ಗುಡಿಸಲು. ಹಿಂದೆ ಇಂಗ್ಲಿಷಿನಲ್ಲಿ ಕೈಬರಹ. ಖುಷಿಯಿಂದ ಜಗುಲಿಯಲ್ಲೇ ಜೋರಾಗಿ ಕನ್ನಡ ಮಾಡಿ ಓದಿದೆ: "ನಿನ್ನನ್ನು ಒಂದು ಸಲ ಕರೆದೆ, ಅಷ್ಟಕ್ಕೇ ಬ್ಯಾಟರಿ ಸೋತು ಮಾತು ನಿಂತಿತು. ಕೇಳುವುದಕ್ಕೆ ಇನ್ನೂ ಸ್ವಲ್ಪ ಜೀವ ಇತ್ತು. ನೀನು ಓಗೊಟ್ಟಿದ್ದು ಕೇಳಿಸಿತು. ಇಲ್ಲಿ ನಾನೊಬ್ಬನೇ ಇದ್ದೆ. ಉಪಕಾರವಾಯಿತು."

ಅಜ್ಜಿ ಮೀನು ಹೆಚ್ಚುತ್ತಿದ್ದಳು. ಮೆಟ್ಟುಗತ್ತಿಯ ಮೇಲೆ ಕೈ ನಿಂತಿತು.

"ಒಂದೇ ಸಲ ಕರದಂವ?"

"ಹೌದು ಅಜ್ಜಿ, ಅಂವನೇ."

"ಹಂಗಾರೆ ಅಂವ ಜೀವಂತ ಇದ್ದಿದ್ದ."

"ಇದ್ದಿದ್ದ. ಈಗ್ಲೂ ಇದ್ದಾನೆ."

ಅವಳು ಕೈ ತೊಳೆಯದೆ ಹಾಗೇ ಕೂತಳು. ನೊಣ ಕೂತರೂ ಓಡಿಸಲಿಲ್ಲ. ಆಮೇಲೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಯಿಯೂ ಕೇಳಿರಲಿಲ್ಲ.

ಅಜ್ಜ ಸಮುದ್ರಕ್ಕೆ ಹೋಗಿ ಬಾರದೆ ಉಳಿದದ್ದು ನಮಗೆಲ್ಲ ಗೊತ್ತು. ಖಾಲಿ ದೋಣಿ ಭಾವಿಕೇರಿ ಕಡೆ ದಂಡೆಗೆ ಬಿದ್ದಿತ್ತು ಅನ್ನುವುದೂ ಗೊತ್ತು. ಗೊತ್ತಿಲ್ಲದ್ದು ಇದು: ಆ ಸಂಜೆ ದೀಪ ಹಚ್ಚುವಾಗ, ಅಲೆ ಒಡೆಯುವ ಕಡೆಯಿಂದ ಯಾರೋ ಅಜ್ಜಿಯ ಹೆಸರು ಹಿಡಿದು ಕರೆದಿದ್ದರು.

"ನಿನ್ನ ಅಜ್ಜನ ದನಿ ಹಂಗೇ ಇತ್ತು," ಅಂದಳು. "ನಾ ಬಾಯಿ ಬಿಡ್ಲಿಲ್ಲ. ಇನ್ನೊಂದ್ಸಲ ಕರೀಲಿ ಹೇಳಿ ದೀಪಾ ಹಿಡ್ಕಂಡು ನಿಂತೆ. ಕರೀಲೇ ಇಲ್ಲ. ಇಷ್ಟು ವರ್ಷ ಅದು ಅವ್ರಲ್ಲ ಹೇಳಿ ಧೈರ್ಯ ಮಾಡ್ಕಂಡಿದ್ದೆ."

ಆಯಿ, "ಗಾಳಿ ಆಗಿರ್ತದೆ ಅತ್ತೆ," ಎಂದಳು.

"ಗಾಳಿಗೆ ನನ್ನ ಹೆಸ್ರು ಯಾರು ಹೇಳ್ಕೊಟ್ರು?"

ಅಜ್ಜಿ ಮತ್ತೆ ಮೀನಿಗೆ ಕೈಹಾಕಿದಳು. ಆ ದ್ವೀಪದವನಿಗೆ ನಾನು ನನ್ನ ಕಾರ್ಡು ಕಳಿಸಿದೆ. ಅಂಚೆಗೆ ಹಾಕುವ ಮೊದಲು ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಎರಡೂ ಮಗ್ಗುಲು ನೋಡಿ ವಾಪಸ್ಸು ಕೊಟ್ಟಳು.

ಅದರ ಮುಂದಿನ ಕಾಂಟೆಸ್ಟಿನ ದಿನ ಸಂಜೆ ಅಜ್ಜಿ ದೀಪ ಇಟ್ಟು ನೇರ ನನ್ನ ಕೋಣೆಗೆ ಬಂದಳು. ತೊಳೆದ ಕಾಲು ಇನ್ನೂ ಒದ್ದೆಯಾಗಿತ್ತು. ಸ್ಟೂಲಿನ ಮೇಲೆ ಕೂತು, "ಗುಂಡಿ ಒತ್ತು," ಎಂದಳು.

"ಎಂತಾ ಹೇಳ್ತೆ ಅಜ್ಜಿ?"

"ನೀ ಒತ್ತು."

ಹೆಡ್‌ಫೋನಿನ ತಂತಿ ಕಿತ್ತು ಸ್ಪೀಕರಿನದು ಹಾಕಿದೆ. ರೇಡಿಯೊದಲ್ಲಿ ಯಾರೂ ಮಾತಾಡದ ಖಾಲಿ ಜಾಗ ಹುಡುಕಿ, ಮೈಕಿನ ಗುಂಡಿ ಒತ್ತಿ ನನ್ನ ಕರೆಸಂಕೇತ ಹೇಳಿ ಮೈಕು ಅವಳ ಬಾಯ ಹತ್ತಿರ ಹಿಡಿದೆ.

"ಓ," ಎಂದಳು.

ಜೋರಾಗಿ ಅಲ್ಲ. ಅಡುಗೆಮನೆಯಿಂದ ಜಗುಲಿಗೆ ಹೇಳುವಷ್ಟೇ. ನಾನು ಗುಂಡಿ ಬಿಟ್ಟೆ. ಸ್ಪೀಕರಿನ ಗೊರಗೊರ ಮತ್ತು ಹೊರಗಿನ ಸಮುದ್ರದ ಸದ್ದು ಒಂದೇ ಥರ ಇದ್ದವು. ಯಾವುದು ಎಲ್ಲಿ ಮುಗಿಯುತ್ತದೆ ತಿಳಿಯುತ್ತಿರಲಿಲ್ಲ. ಆಗ ಅದರ ತಳದಿಂದ ಒಂದು ಗಂಡು ದನಿ ಬಂತು. ಕರೆಸಂಕೇತ ಹೇಳಲಿಲ್ಲ. "ಅಗೇನ್?" ಅಂದಿತು, ಅಷ್ಟೇ. ಕಾಂಟೆಸ್ಟಿನಲ್ಲಿ ಸರಿಯಾಗಿ ಕೇಳದವರು ಅನ್ನುವ ಮಾತೇ ಅದು. ಯಾರಾದರೂ ಆಗಿರಬಹುದು.

"ಎಂತಂದ?" ಅಜ್ಜಿ ಕೇಳಿದಳು.

"ಇನ್ನೊಂದ್ಸಲ ಹೇಳು ಅಂದ."

"ಎಷ್ಟು ಸಲ ಕೇಳ್ದ?"

"ಒಂದೇ ಸಲ."

ನಾನು ಎರಡನೆಯದಕ್ಕೆ ಕಾಯುತ್ತಿದ್ದೆ. ಅಜ್ಜಿ ಕಾಯಲಿಲ್ಲ. ನನ್ನ ಕೈಯ ಮೇಲೆ ಕೈಯಿಟ್ಟು ತಾನೇ ಗುಂಡಿ ಒತ್ತಿ, ಈ ಸಲ ದಂಡೆಯಲ್ಲಿ ನಿಂತು ದೋಣಿಯವರಿಗೆ ಹೇಳುವ ಹಾಗೆ, ಉಸಿರು ಮುಗಿಯುವವರೆಗೆ ಓ ಎಂದಳು.