ದೀಪ ಹಚ್ಚುವ ಹೊತ್ತಿನ ಕಿಟಕಿಗಳು

ನಾನು ಕಲಿತದ್ದು ಮೂರನೇ ಇಯತ್ತೆಯವರೆಗೆ. ನನ್ನ ಮೊಮ್ಮಗಳು ಕಟ್ಟಡಗಳ ನಕ್ಷೆ ತೆಗೆಯುವ ವಿದ್ಯೆ ಕಲಿತವಳು. ಆಕೆ ಸ್ವಂತವಾಗಿ ಮಾಡಿದ ಮೊದಲ ಕೆಲಸ ಎಂದರೆ ಬೆಂಗೇರಿಯಲ್ಲಿ ಒಬ್ಬ ಬೀಜದ ವ್ಯಾಪಾರಿಯ ಆಫೀಸು. ಕಡಿಮೆ ಖರ್ಚಿನ ಎರಡಂತಸ್ತು. ಮಾಳಿಗೆಯ ಮೇಲಿನ ಸೋಲಾರಿನಿಂದ ಎಷ್ಟು ಕರೆಂಟು ಬರುತ್ತದೋ ಅಷ್ಟರಲ್ಲೇ ವರ್ಷವಿಡೀ ಆಫೀಸು ನಡೆಯಬೇಕು, ಹೊರಗಿನ ಕರೆಂಟು ಸೊನ್ನೆ ಆಗಬೇಕು ಎಂಬುದು ಆಕೆಯ ಹಟ. ಅದಕ್ಕೇ ಏಸಿ ಇಟ್ಟಿರಲಿಲ್ಲ. ಬದಲಿಗೆ ದಪ್ಪ ಗೋಡೆ, ಹಿಂದಿನ ಗೋಡೆಯುದ್ದಕ್ಕೂ ತಗ್ಗಿನಲ್ಲಿ ಕಬ್ಬಿಣದ ಜಾಳಿಗೆ ಹಾಕಿದ ಕಿಟಕಿಗಳು, ಮೆಟ್ಟಿಲ ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಕಿಂಡಿ. ರಾತ್ರಿಯ ತಂಪು ಹಿಂದಿನಿಂದ ಹೊಕ್ಕು ಗೋಡೆ, ನೆಲ ಎಲ್ಲ ಆರಿಸಬೇಕು. ಬೆಳಿಗ್ಗೆ ಕಿಟಕಿ ಮುಚ್ಚಿಬಿಟ್ಟರೆ ಆ ತಂಪು ಸಂಜೆಯವರೆಗೂ ಬರಬೇಕು.

ನಕ್ಷೆ ತೆಗೆಯುವ ದಿನಗಳಲ್ಲಿ ನನ್ನ ಪಕ್ಕ ಕೂತು ಅಮ್ಮಿನಬಾವಿಯ ಮನೆಯ ಬಗ್ಗೆ ಕೇಳುತ್ತಿದ್ದಳು. ನಾನು ಲಗ್ನವಾಗಿ ಹೋದ ಮನೆ ಅದು. ಮೇಲೆ ಮಣ್ಣಿನ ಮಾಳಿಗೆ, ಸುತ್ತ ಮೊಳಕ್ಕಿಂತ ದಪ್ಪ ಗೋಡೆ. ಬೇಸಿಗೆಯಲ್ಲಿ ಹೊಲದಿಂದ ಬಂದು ಪಡಸಾಲೆಯ ಬರಿನೆಲಕ್ಕೆ ಬೆನ್ನು ಹಚ್ಚಿದರೆ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಅಂಥ ನಿದ್ದೆ ಮತ್ತೆಲ್ಲೂ ಸಿಗಲಿಲ್ಲ ನನಗೆ. ಆದರೆ ಒಳಗೆ ಕತ್ತಲೆ. ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ತುಂಡು ಬೆಳಕಿನಲ್ಲಿ ಜೋಳ ಹಸನು ಮಾಡಬೇಕಿತ್ತು. ಒಲೆಯ ಹೊಗೆ ಕುಡಿದು ಕುಡಿದು ಅತ್ತೆ ಸಾಯುವತನಕ ಕೆಮ್ಮಿದಳು. ಈಗ ಆ ಮನೆ ಇಲ್ಲ, ಮೈದುನನ ಮಕ್ಕಳು ಕೆಡವಿ ಸ್ಲ್ಯಾಬ್ ಹಾಕಿಸಿದರು. ನಾನು ಬೇಡ ಅನ್ನಲಿಲ್ಲ. ಮಳೆಗಾಲದಲ್ಲಿ ಸೋರಿದ ಕಡೆಯೆಲ್ಲ ಬೋಗುಣಿ ಇಟ್ಟವಳು ನಾನು.

"ತಂಪಷ್ಟ ತಗೊ ಯವ್ವಾ, ಕತ್ತಲಿ ಅಲ್ಲೇ ಬಿಡು," ಎಂದಿದ್ದೆ. ಹಾಗೇ ಮಾಡಿದಳು. ಎತ್ತರದ ಗಾಜುಗಳಿಂದ ಬೆಳಕು ಬೀಳುತ್ತದೆ, ಅಲ್ಲಿ ಲೆಕ್ಕ ಬರೆಯುವ ಹೆಣ್ಣುಮಕ್ಕಳು ಹಗಲು ದೀಪ ಹಾಕುವುದಿಲ್ಲ. ಬೀಜಕ್ಕೆ ಹಚ್ಚುವ ಔಷಧದ ಘಾಟು ಮೆಟ್ಟಿಲ ಕಿಂಡಿಯಿಂದ ಹೋಗುತ್ತದೆ, ಒಳಗೆ ನಿಲ್ಲುವುದಿಲ್ಲ. ಹಳೆಯ ಆಫೀಸಿನಲ್ಲಿ ಸಂಜೆಗೆ ತಲೆ ಹಿಡಿಯುತ್ತಿತ್ತಂತೆ, ಇಲ್ಲಿ ಅದಿಲ್ಲ.

ಬೇಸಿಗೆ ಬಂತು. ಆಫೀಸು ಕಾದ ಹಂಚಾಯಿತು. ಬೀಜದ ಸಾವುಕಾರರು ಫೋನು ಮಾಡಿದರು: "ಮೇಡಮ್ಮಾರ, ಯುಗಾದಿ ಮುಗದ ಕೂಡ್ಲೆ ಏಸಿ ಕೂಡಸ್ತೇನಿ. ನಮ್ಮ ಮಂದಿ ಬೆಂದು ಹೋಗಾಕತ್ತಾರ."

ಏಸಿ ಕೂತರೆ ಸೋಲಾರು ಸಾಲುವುದಿಲ್ಲ. ಸೊನ್ನೆಯೂ ಹೋಯಿತು, ಹುಡುಗಿಯ ಮಾತೂ ಹೋಯಿತು. ಆಮೇಲೆ ಆಕೆಯನ್ನು ನಂಬಿ ಇಂಥ ಕೆಲಸ ಯಾರು ಕೊಡುತ್ತಾರೆ? ನಕ್ಷೆ ಬಿಚ್ಚಿ ಬಿಚ್ಚಿ ನೋಡಿದಳು. ತಪ್ಪು ಸಿಗಲಿಲ್ಲ.

ಒಂದು ಸಂಜೆ ಕಣ್ಣಿನ ದವಾಖಾನೆಯಿಂದ ನನ್ನನ್ನು ಕರೆತರುವಾಗ ಆಕೆ ಆಟೋವನ್ನು ಬೆಂಗೇರಿಗೆ ತಿರುಗಿಸಿದಳು. ನಾವು ಒಳಗೆ ಹೋದಾಗ ಸಾವುಕಾರರು ಕೈಕಾಲು ತೊಳೆದು ದೇವರ ಫೋಟೋದ ಮುಂದೆ ದೀಪ ಹಚ್ಚುವ ತಯಾರಿಯಲ್ಲಿದ್ದರು. ಅದಕ್ಕೆ ಮೊದಲು ಹಿಂದಿನ ಗೋಡೆಗೆ ಹೋಗಿ ಒಂದೊಂದೇ ಕಿಟಕಿ ಮುಚ್ಚಿ ಚಿಲಕ ಹಾಕುತ್ತ ಬಂದರು. ಮೊಮ್ಮಗಳು ನಿಂತಲ್ಲೇ ನಿಂತಳು.

"ದಿನಾ ಮುಚ್ತೀರೇನ್ರಿ?"

"ಮತ್ತ? ದೀಪಾ ಹಚ್ಚೂ ಹೊತ್ತಿನ್ಯಾಗ ಹಿಂದಿಂದು ತಗದಿಟ್ರ, ಮುಂದಿಂದ ಬಂದ ಲಕ್ಷ್ಮಿ ಹಿಂದಿಂದ ಹೊಂಟ ಹೋಗ್ತಾಳಲ್ರಿ."

"ಆಮ್ಯಾಲೆ ತಗೀತೀರಿಲ್ಲೊ?"

"ಆಮ್ಯಾಲೇನು, ಬೀಗಾ ಹಾಕ್ಕೊಂಡು ಮನೀಗೆ ಹೋಗೂದು. ಹಗಲೆಲ್ಲಾ ತಗದಿರ್ತೇವಲ್ಲ, ಗಾಳಿ ಆಡ್ಲಿ ಅಂತ."

ಹಗಲೆಲ್ಲ ಬಿಸಿಗಾಳಿ ಒಳಗೆ ಬಿಟ್ಟುಕೊಂಡು, ತಂಪು ಬರುವ ಹೊತ್ತಿಗೆ ಸರಿಯಾಗಿ ಮುಚ್ಚುತ್ತಿದ್ದರು. ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂದು ಮೊಮ್ಮಗಳೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊಮ್ಮಗಳು ಗಾಳಿಯ ಲೆಕ್ಕ ಶುರು ಮಾಡಿದಳು. ಆತ ಅರ್ಧಕ್ಕೇ ತಡೆದು ನನ್ನತ್ತ ತಿರುಗಿದರು.

"ಅಮ್ಮಾರ, ನೀವು ಹಿರ್ಯಾರು. ನಾ ಮಾಡೂದು ತಪ್ಪೇನ್ರಿ?"

"ತಪ್ಪಲ್ಲರಿ. ನಮ್ಮತ್ತೀನೂ ದೀಪಾ ಹಚ್ಚೂಮುಂದ ಹಿತ್ತಲ ಬಾಗಲಾ ಮುಚ್ಚಸ್ತಿದ್ಲು. ಉಂಡ ಮ್ಯಾಲೆ ಆಕೀನ ತಗಸ್ತಿದ್ಲು. ರಾತ್ರಿಯೆಲ್ಲಾ ಮುಚ್ಚಿಟ್ರ ಲಕ್ಷ್ಮೀಗೂ ಸೆಕಿ ಆಗೂದಿಲ್ಲೇನ್ರಿ?"

"ಮತ್ತ ನಿಮ್ಮತ್ತಿ ಮನ್ಯಾಗ ಲಕ್ಷ್ಮಿ ನಿಂತ್ಲೇನು?"

"ನಿಲ್ಲಲಿಲ್ಲ. ಅದು ಬಾಗಲದಿಂದ ಅಲ್ಲ, ನಮ್ಮ ಮಾವನಿಂದ."

ಆತ ನಕ್ಕರು. ಆದರೂ ಒಪ್ಪಲು ಹೊತ್ತು ಹಿಡಿಯಿತು. ಕಡೆಗೆ ಮೊಮ್ಮಗಳೇ ದಾರಿ ತೆಗೆದಳು: "ದೀಪಾ ಹಚ್ಚೂಮುಂದ ಮುಚ್ರಿ, ಬೀಗಾ ಹಾಕೂಮುಂದ ತಗೀರಿ, ಮುಂಜಾನೆ ಬಂದ ಕೂಡ್ಲೆ ಮುಚ್ರಿ. ಜಾಳಿಗಿ ಐತಿ, ಕಳ್ಳರ ಅಂಜಿಕಿ ಇಲ್ಲ. ಯುಗಾದೀ ತನಕ ಅಷ್ಟ ಮಾಡ್ರಿ."

ದೀಪ ಹಚ್ಚಿ ಆದಮೇಲೆ ಆತ ನಮ್ಮ ಮುಂದೆಯೇ ಕಿಟಕಿಗಳನ್ನು ತೆಗೆದರು. ಪಡುವಣ ಗಾಳಿ ಕಾಲಿಗೆ ಬಂದು ಬಡಿಯಿತು. ಅಮ್ಮಿನಬಾವಿಯ ಹಿತ್ತಲ ಬಾಗಿಲು ತೆಗೆದಾಗ ಇಂಥದೇ ಗಾಳಿ ಬರುತ್ತಿತ್ತು, ಬಣವೆಯ ವಾಸನೆ, ಸಗಣಿಯ ವಾಸನೆ ಹೊತ್ತು. ಗಂಡ ಆಗಲೇ ಚಾಪೆ ಹಾಸಿರುತ್ತಿದ್ದ, ಅತ್ತೆ ಎಲೆ ಅಡಿಕೆ ಹಾಕಿಕೊಂಡು ಯಾರನ್ನೋ ಬೈಯುತ್ತಿದ್ದಳು. ಅವರಲ್ಲಿ ಈಗ ಯಾರೂ ಇಲ್ಲ. ಸಾವುಕಾರರು ಕೊಟ್ಟ ಕುರ್ಚಿ ಬಿಟ್ಟು ಏಳಲು ಮನಸ್ಸಾಗಲಿಲ್ಲ ನನಗೆ.

ಯುಗಾದಿಗೆ ಮೊದಲೇ ಸಾವುಕಾರರ ಫೋನು ಬಂತು. "ಮುಂಜಾನೆ ನೆಲಕ್ಕ ಕಾಲಿಟ್ರ ತಣ್ಣಗ ಹತ್ತತೈತ್ರಿ. ಮಧ್ಯಾಹ್ನನೂ ತಡೀತೈತಿ. ಏಸಿಯವಗ ಬರಬ್ಯಾಡ ಅಂದೇನಿ. ಈ ಬ್ಯಾಸಗಿ ಹಿಂಗ ದಾಟೂಣು."

"ಛಲೋ ಆತ್ರಿ," ಎಂದಷ್ಟೇ ಹೇಳಿ ಮೊಮ್ಮಗಳು ಫೋನು ಇಟ್ಟಳು. ಬಿಚ್ಚಿಟ್ಟಿದ್ದ ನಕ್ಷೆಯನ್ನು ಸುತ್ತಿ ಕಪಾಟಿನೊಳಗೆ ಇಟ್ಟಳು.

"ಮುಂದಿನ ಕಟ್ಟಡಕ್ಕ ಏನ್ ಮಾಡಾಕಿ?" ಎಂದು ಕೇಳಿದೆ.

"ನಕ್ಷಾ ತಗಿಯೂಕಿಂತ ಮೊದಲ, ದೀಪಾ ಯಾವಾಗ ಹಚ್ತೀರಿ ಅಂತ ಕೇಳ್ತೇನಿ ಆಯಿ," ಎಂದಳು.