ಮೀನಿಲ್ಲದ ಸಾರು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟನ್ನು ಸಂಜೆ ಆರರ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಹತ್ತಬೇಕು. ಯಾವ ಮಹಡಿಯಲ್ಲಿ ಏನು ಬೇಯುತ್ತಿದೆ ಎಂದು ಮೂಗೇ ಹೇಳುತ್ತದೆ. ಮೂರನೆಯದರಲ್ಲಿ ಬಾಗಿಲು ತೆರೆದರೆ ತಮಿಳರ ಮನೆಯ ಹುಣಸೆ ಕುಳಂಬು. ಐದನೆಯದರಲ್ಲಿ ಸೀಗಡಿ ಮುದ್ದೆಯನ್ನು ಹುರಿಯುವ ಘಾಟು. ಮಲೇಷಿಯಾದ ಸುಬಾಂಗ್ ಜಯಾಕ್ಕೆ ಬಂದ ಹೊಸದರಲ್ಲಿ, ಚರಂಡಿ ಕಟ್ಟಿಕೊಂಡಿದೆ ಎಂದು ನಾನು ಅಪಾರ್ಟ್‌ಮೆಂಟಿನ ಆಫೀಸಿನವರಿಗೆ ದೂರು ಕೊಟ್ಟದ್ದು ಅದೇ ವಾಸನೆಯ ಮೇಲೆ. ಅವರು ಪಾಪ, ಬಂದು ಮೂಸಿ ನೋಡಿ, “ಅದು ಅಡುಗೆ ಲಾ, ಮೇಡಂ” ಎಂದು ನಕ್ಕು ಹೋದರು. ನಮ್ಮದು ಒಂಬತ್ತನೆಯ ಮಹಡಿ. ನಿನ್ನೆ ಅಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಬಂದದ್ದು ಒಣಮೀನಿನ ಸಿಪ್ಪೆಯಂಥ ಚೂರುಗಳು ಬಿಸಿನೀರಿಗೆ ಬಿದ್ದ ವಾಸನೆ. ನಾನು ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದವಳು, ಮೊಟ್ಟೆಯ ಕೇಕನ್ನೂ ಮುಟ್ಟದವಳು. ತರಕಾರಿ ಚೀಲ ಹಿಡಿದುಕೊಂಡು ಕಾರಿಡಾರಿನಲ್ಲಿ ನಿಂತು ಆ ಮೀನಿನ ವಾಸನೆಯನ್ನು ಎದೆತುಂಬ ಎಳೆದುಕೊಂಡೆ. ನಗಬೇಡಿ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತುಬಳಸಾಗುತ್ತದೆ ಅಷ್ಟೆ.

ನಮ್ಮ ಎದುರು ಬಾಗಿಲಿನವಳು ಸಚಿಕೊ. ಗಂಡ ಇಲ್ಲಿಯ ಜಪಾನಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ಇವಳು ಮನೆಯಲ್ಲಿ. ನಾವಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ. ಅವಳದು ಒಂದೊಂದೇ ಪದವನ್ನು ತೊಳೆದು ಒರೆಸಿ ಇಡುವ ಇಂಗ್ಲಿಷು, ನನ್ನದು ಗಡಗಡ ಇಂಗ್ಲಿಷು. ಆದರೂ ನನ್ನ ಕಿವಿಗೆ ಅವಳ ಮಾತು ಕನ್ನಡವಾಗಿಯೇ ಬೀಳುತ್ತದೆ, ಹಾಗೆಯೇ ಬರೆಯುತ್ತೇನೆ.

ಜಪಾನಿ ಅಡುಗೆ ಎಂದರೆ ಮಾಲ್‌ಗಳಲ್ಲಿ ಪುಟ್ಟ ತಟ್ಟೆಗಳು ತಿರುಗುವ ಪಟ್ಟಿಯ ಮೇಲೆ ಮೆರವಣಿಗೆ ಹೋಗುತ್ತವಲ್ಲ, ಅದೇ ಎಂದುಕೊಂಡಿದ್ದೆ. ಸಚಿಕೊ ಮನೆಯದು ಅದಲ್ಲ. ಅನ್ನ, ಮಿಸೊ ಸಾರು, ಸುಟ್ಟ ಮೀನು, ಎರಡು ತರಕಾರಿ, ಒಂಚೂರು ಉಪ್ಪಿನಕಾಯಿ. ಮಿಸೊ ಅಂದರೆ ಹುದುಗು ಬಂದ ಸೋಯಾಬೀನಿನ ಕಂದು ಮುದ್ದೆ, ನೋಡಲು ಥೇಟ್ ನಮ್ಮ ಹುಣಸೆಹಣ್ಣಿನ ತೊಕ್ಕು. ಊರಿನ ಸೊಪ್ಪು ಸಿಗದಿದ್ದರೆ ಸಂತೆಯ ಕಾಂಗ್‌ಕುಂಗ್ ಸೊಪ್ಪು, ಅಲ್ಲಿಯ ಮೂಲಂಗಿ ಸಿಗದಿದ್ದರೆ ಇಲ್ಲಿಯ ಸೋರೆಕಾಯಿ. ಒಂದು ದಿನವೂ ತಪ್ಪುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹೇಗೆಂದರೆ, ನಾನು ಕುಕ್ಕರಿನ ಕಡೆ ನೋಡುವ ಮುಂಚೆಯೇ ನನ್ನ ಗಂಡ, “ಬಿಡೇ, ಯಾಕೆ ಸುಮ್ನೆ ಸ್ಟ್ರೆಸ್ ಮಾಡ್ಕೋತೀಯ, ಮಮಕ್ ಅಂಗಡಿಯಿಂದ ರೊಟ್ಟಿ ಟಪಾವ್ ಮಾಡ್ಕೊಂಡ್ ಬಂದ್ಬಿಡ್ತೀನಿ” ಎಂದು ಚಪ್ಪಲಿ ಮೆಟ್ಟಿರುತ್ತಾರೆ. ಮಮಕ್ ಅಂದರೆ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲು, ಟಪಾವ್ ಅಂದರೆ ಪಾರ್ಸೆಲ್ಲು. ನಾನೂ ಬೇಡ ಎನ್ನುವ ಜಾತಿಯವಳಲ್ಲ.

ಒಮ್ಮೆ ತಡೆಯಲಾರದೆ ಕೇಳಿದೆ: “ದಿನಾ ಇದೇ ಮಾಡಿ ನಿಮಗೆ ಬೇಜಾರಾಗುವುದಿಲ್ಲವೆ?”

ಅವಳು ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. “ಅತ್ತೆಗೆ ತಾವು ಮಲೇಷಿಯಾದಲ್ಲಿರುವುದು ಗೊತ್ತಿಲ್ಲ.”

ಅವಳ ಅತ್ತೆಗೆ ಮರೆವಿನ ಕಾಯಿಲೆ. ಮಗನ ಜೊತೆ ಇಲ್ಲಿಗೆ ಬಂದು ವರ್ಷವಾಗಿದ್ದರೂ ಅವರ ಲೆಕ್ಕದಲ್ಲಿ ಇನ್ನೂ ತಮ್ಮ ಊರಿನಲ್ಲೇ ಇದ್ದರು, ಉತ್ತರದ ಕಡಲತೀರದ, ಮಂಜು ಬೀಳುವ ಊರಿನಲ್ಲಿ. “ಸೆಕೆ” ಎಂದರೆ ಸಚಿಕೊ, “ಆಗಸ್ಟ್ ಅಲ್ಲವೆ ಅಮ್ಮ” ಎನ್ನುತ್ತಿದ್ದಳು. ಅಜ್ಜಿ ಒಪ್ಪಿಕೊಳ್ಳುತ್ತಿದ್ದರು. ನಮ್ಮ ಎದುರು ಮನೆಯಲ್ಲಿ ವರ್ಷವಿಡೀ ಆಗಸ್ಟು. ಮಸೀದಿಯ ಬಾಂಗು ಕೇಳಿದರೆ ಯಾರದೋ ಮನೆಯ ಹಬ್ಬ. ಕಿಟಕಿಯಿಂದ ಕೆಳಗೆ ಕಾಣುವ ತೆಂಗಿನ ಮರಕ್ಕೆ ಮಾತ್ರ ಸಚಿಕೊ ಬಳಿ ಉತ್ತರವಿರಲಿಲ್ಲ, ಪರದೆ ಎಳೆದಿದ್ದಳು. ಇಷ್ಟೆಲ್ಲವನ್ನೂ ಅಜ್ಜಿ ನಂಬುತ್ತಿದ್ದದ್ದು ಸಂಜೆಯ ಆ ಒಂದು ಬಟ್ಟಲು ಸಾರಿನ ಬಲದ ಮೇಲೆ. ಸಾರು ತಮ್ಮ ಮನೆಯದು, ಆದ್ದರಿಂದ ಮನೆ ತಮ್ಮದು. ಸಾರು ಬೇರೆಯಾದ ದಿನ ಅಜ್ಜಿ ಬಾಗಿಲ ಬಳಿ ಹೋಗಿ ಬೂಟು ಹಾಕಿಕೊಂಡು, ಸೊಂಟ ಬಾಗಿಸಿ, “ತುಂಬ ಉಪಕಾರವಾಯಿತು, ಇನ್ನು ನಾನು ಮನೆಗೆ ಹೊರಡುತ್ತೇನೆ” ಎಂದು ಸೊಸೆಗೇ ಹೇಳುತ್ತಿದ್ದರಂತೆ.

ಒಬ್ಬಳು ಹೆಂಗಸು ಒಂದು ಊರನ್ನೇ ದಿನಾ ಸಂಜೆ ಹೊಸದಾಗಿ ಬೇಯಿಸಿ ಮುಂದಿಡುತ್ತಿದ್ದಳು, ಮತ್ತು ನಾನು ಅದಕ್ಕೆ ಬೇಜಾರಾಗುವುದಿಲ್ಲವೆ ಎಂದು ಕೇಳಿದ್ದೆ.

ಆಮೇಲೆ ಒಂದು ದಿನ ಸಚಿಕೊ ಬಚ್ಚಲಿನಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಮೊಣಕೈವರೆಗೆ ಪ್ಲಾಸ್ಟರು. ಅವಳ ಗಂಡ ದಿನಾ ಹೋಟೆಲಿನಿಂದ ಜಪಾನಿ ಊಟವನ್ನೇ ತಂದರು, ಆದರೆ ಅಜ್ಜಿ ಮುಟ್ಟಲಿಲ್ಲ. ಬೂಟು ಹಾಕಿಕೊಂಡು ಬಾಗಿಲ ಬಳಿ ಕೂರುವುದು, ಊಟ ಬಿಡುವುದು, ದಿನದಿಂದ ದಿನಕ್ಕೆ ಸೊರಗುವುದು. ಊರಿನಲ್ಲಿರುವ ಗಂಡನ ಅಣ್ಣ ಫೋನಿನಲ್ಲಿ, ಅಲ್ಲೊಂದು ವೃದ್ಧಾಶ್ರಮದಲ್ಲಿ ಜಾಗ ಖಾಲಿಯಿದೆ, ಉಣ್ಣದಿದ್ದರೆ ಕಳಿಸಿಬಿಡಿ ಎಂದರಂತೆ. ಗಂಡನೂ ಅರ್ಧ ಮನಸ್ಸು ಮಾಡಿದ್ದರು. ಆ ಶನಿವಾರ ಮಧ್ಯಾಹ್ನ ಸಚಿಕೊ ನಮ್ಮ ಬೆಲ್ ಒತ್ತಿದಳು.

“ನಿಮ್ಮ ಎರಡು ಕೈ ಕಡ ಕೊಡುತ್ತೀರಾ? ನಾನು ಹೇಳುತ್ತೇನೆ, ನೀವು ಮಾಡಿ. ಅಲ್ಲಿಗೆ ಕಳಿಸಿದರೆ ಅವರು ಯಾರ ಮನೆಯಲ್ಲಿದ್ದೇನೆ ಎಂದುಕೊಳ್ಳುತ್ತಾರೆ?”

ಹೋದೆ. ಒಲೆಯ ಪಕ್ಕ ಒಣ ಅಣಬೆಯೂ ಕಡಲ ಪಾಚಿಯ ಪಟ್ಟಿಯೂ ಬೆಳಗಿನಿಂದ ನೀರಿನಲ್ಲಿ ನೆನೆಯುತ್ತಿದ್ದವು. ಮೀನಿನ ಚೂರಿನ ಡಬ್ಬಿ ಮೇಲಿನ ಕಪಾಟಿಗೆ ಹೋಗಿತ್ತು. “ನೀವು ಮುಟ್ಟುವ ಅಡುಗೆ, ಆದ್ದರಿಂದ ಇವತ್ತು ಸಾರಿಗೆ ಮೀನು ಬೇಡ. ಸುಟ್ಟ ಮೀನೂ ಬೇಡ,” ಎಂದಳು. ಅಷ್ಟೊಂದು ಆತಂಕದಲ್ಲಿಯೂ ಅವಳು ನನ್ನ ಮಡಿಯ ಬಗ್ಗೆ ಯೋಚಿಸಿದ್ದಳು. ನನಗೇ ಅಷ್ಟು ಮಡಿಯಿಲ್ಲ, ನಿಜ ಹೇಳಬೇಕೆಂದರೆ.

ಸಾರು ಎಂದರೆ ಹಸಿ ವಾಸನೆ ಹೋಗುವ ತನಕ ಕುದಿಯಬೇಕು ಎಂಬುದು ನನ್ನ ಕೈಗೆ ಅಂಟಿಕೊಂಡ ವಿದ್ಯೆ. ಮಿಸೊ ಕರಗಿಸಿದ ಕೂಡಲೇ ಉರಿ ಹೆಚ್ಚಿಸಲು ಹೋದೆ. “ಆರಿಸಿ! ಆರಿಸಿ!” ಎಂದು ಸಚಿಕೊ ಕುರ್ಚಿಯಿಂದ ಕೂಗಿದ ಪರಿಗೆ ಪ್ಲಾಸ್ಟರಿನ ಕೈ ಮೇಜಿಗೆ ಬಡಿಯಿತು. ಮಿಸೊ ಬಿದ್ದ ಮೇಲೆ ಕುದಿಸಿದರೆ ಪರಿಮಳ ಸತ್ತುಹೋಗುತ್ತದಂತೆ. ಆಮೇಲೆ ಅವಳು ಪುಟ್ಟ ತಟ್ಟೆಯಲ್ಲಿ ಒಂದು ಗುಟುಕು ಸುರಿದುಕೊಂಡು ರುಚಿ ನೋಡಿದಳು. ನಮ್ಮ ಮನೆಯಲ್ಲಿ ಒಲೆಯ ಮೇಲಿನದನ್ನು ಬಡಿಸುವ ಮುಂಚೆ ನಾಲಗೆಗೆ ಹಚ್ಚಿದರೆ ಅಮ್ಮ ಸೌಟಿನಲ್ಲೇ ಕೊಡುತ್ತಿದ್ದರು. ಸಚಿಕೊ ಕಣ್ಣು ಮುಚ್ಚಿ ನುಂಗಿ, “ಪರವಾಗಿಲ್ಲ” ಎಂದಳು, ನಂಬಿಕೆಯಿಲ್ಲದ ದನಿಯಲ್ಲಿ.

ಬಾಗಿಲ ಬಳಿಯಿಂದ ಅಜ್ಜಿಯನ್ನು ಕರೆತಂದು ಗಿಡ್ಡ ಮೇಜಿನ ಮುಂದೆ ನೆಲದ ಮೇಲೆ ಕೂರಿಸಿದೆವು. ಗುಬ್ಬಚ್ಚಿಯಷ್ಟು ಹಗುರದ ಹೆಂಗಸು, ಬೆನ್ನು ಮಾತ್ರ ನೆಟ್ಟಗೆ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದರು. ಮೂಸಿದರು. ಒಂದು ಗುಟುಕು ಕುಡಿದರು. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ಅಂಗಿಯ ಅಂಚು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಏನನ್ನೋ ಕೇಳಿದರು. ಸಚಿಕೊ ಮುಖ ಬಿಳಿಚಿಕೊಂಡಿತು.

“ಏನಂತೆ?” ಎಂದೆ.

“ಯಾರು ತೀರಿಕೊಂಡರು ಎಂದು ಕೇಳುತ್ತಿದ್ದಾರೆ.”

ಅವರ ಹಳೆಯ ಮನೆಗಳಲ್ಲಿ ಸಾವಿನ ಮೈಲಿಗೆ ಕಳೆಯುವವರೆಗೆ ಮೀನು ಮಾಂಸ ಮುಟ್ಟುವುದಿಲ್ಲವಂತೆ, ಸಾರಿಗೂ ಬರೀ ಪಾಚಿ, ಅಣಬೆ. ಆ ಪದ್ಧತಿ ಸಚಿಕೊಗೆ ಹೊಳೆದೇ ಇರಲಿಲ್ಲ, ಹೊಳೆದದ್ದು ನನ್ನ ಪದ್ಧತಿ ಮಾತ್ರ. ನನಗೆ ವಿವರಣೆಯ ಅಗತ್ಯವೇ ಬೀಳಲಿಲ್ಲ. ನಮ್ಮಲ್ಲಿಯೂ ತಿಥಿಯ ಅಡುಗೆಗೆ ಒಣಮೆಣಸಿನಕಾಯಿ ಇಲ್ಲ, ಬರೀ ಕರಿಮೆಣಸು. ಮಾಮೂಲಿ ದಿನ ಅಂಥ ಸಾರು ಎಲೆಗೆ ಬಿದ್ದರೆ ನಮ್ಮಜ್ಜಿಯೂ ಕೈ ತಡೆದು ಇದೇ ಪ್ರಶ್ನೆ ಕೇಳುತ್ತಿದ್ದರು. ಸಾವಿರಾರು ಮೈಲಿ ಆಚೆಯ, ನನ್ನ ಭಾಷೆಯ ಒಂದು ಅಕ್ಷರವೂ ಗೊತ್ತಿಲ್ಲದ, ಸ್ವಂತ ಮಗನ ಹೆಸರನ್ನೂ ಮರೆತ ಮುದುಕಿ, ಸಾರಿನಲ್ಲಿ ಸಾವನ್ನು ಗುರುತಿಸುವುದನ್ನು ಮರೆತಿರಲಿಲ್ಲ.

ಯಾರೂ ಹೋಗಿಲ್ಲ ಅಮ್ಮ ಎಂದು ಸಚಿಕೊ ಹೇಳಿದಳು. ಅಜ್ಜಿ ಒಪ್ಪಲಿಲ್ಲ. ಮನೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕೂತಿದ್ದಾಳೆ, ಸಾರಿಗೆ ಮೀನಿಲ್ಲ. ಅವರಿಗೆ ಅರ್ಥವಾಗಿ ಹೋಗಿತ್ತು. ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು.

“ನಿಮ್ಮ ಮನೆಯಲ್ಲಿ ಯಾರು ಎನ್ನುತ್ತಿದ್ದಾರೆ. ಕ್ಷಮಿಸಿ, ಇಲ್ಲ ಎಂದುಬಿಡಿ.”

ಇಲ್ಲ ಎನ್ನಲು ಬಾಯಿ ತೆರೆದೆ. ಹೊರಬಂದದ್ದು ಕನ್ನಡ. “ನಮ್ಮಮ್ಮ.”

ಅಮ್ಮ ಹೋಗಿ ಆಗ ಹತ್ತಿರ ಹತ್ತಿರ ಎರಡು ವರ್ಷವಾಗಿತ್ತು. ಸುದ್ದಿ ಬಂದ ರಾತ್ರಿಯೇ ವಿಮಾನ ಹಿಡಿದಿದ್ದೆ, ಆದರೂ ಮುಖ ನೋಡಲು ಸಿಗಲಿಲ್ಲ. ವೈಕುಂಠ ಸಮಾರಾಧನೆ ಮುಗಿಸಿ ಬಂದ ಮಾರನೆಯ ದಿನವೇ ಆಫೀಸು. ಎಲ್ಲರೂ, “ಸೋ ಸಾರಿ ಆ, ಟೇಕ್ ಕೇರ್ ಲಾ” ಎಂದರು, ನಾನು ಥ್ಯಾಂಕ್ಸ್ ಎಂದೆ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು, “ಅಮ್ಮಾ, ಆರ್ ಯೂ ಓಕೆ?” ಎಂದಳು, ಓಕೆ ಎಂದೆ. ಓಕೆ ಎಂದ ಮೇಲೆ ಅಳುವುದು ಹೇಗೆ? ಸಮಯ ಬಂದಾಗ ಅಳೋಣ ಎಂದು ಮುಂದೂಡಿದ್ದು ಹಾಗೆಯೇ ಉಳಿದುಬಿಟ್ಟಿತ್ತು.

ಸಚಿಕೊಗೂ ಈ ವಿಷಯ ಗೊತ್ತಿರಲಿಲ್ಲ. ಕನ್ನಡವೇ ಆದರೂ ‘ಅಮ್ಮ’ ಎಂಬುದು ಅವಳಿಗೆ ಅರ್ಥವಾಯಿತು. ಒಂದು ಗಳಿಗೆ ನನ್ನನ್ನು ನೋಡಿ, ಅತ್ತೆಗೆ ಹೇಳಿದಳು. ಅಜ್ಜಿ ಎರಡೂ ಅಂಗೈ ನೆಲಕ್ಕೂರಿ ಹಣೆ ತಾಗುವಷ್ಟು ಬಾಗಿದರು. ಆಮೇಲೆ ಎದ್ದರು. ಬಾಗಿಲ ಕಡೆಗಲ್ಲ, ಅಡುಗೆಮನೆಗೆ.

ಆ ಮನೆಯ ಒಲೆಯ ಮುಂದೆ ಅವರು ನಿಂತದ್ದೇ ಇಲ್ಲವಂತೆ. ಸಚಿಕೊ ಗಾಬರಿಯಿಂದ ಏಳಹೋದಳು, ನಾನು ತಡೆದೆ. ಅಜ್ಜಿ ಉಳಿದ ಪಾಚಿನೀರನ್ನು ಪಾತ್ರೆಗೆ ಬಗ್ಗಿಸಿದರು. ತೋಫುವಿನ ಗಟ್ಟಿಯನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಅಲ್ಲೇ ಚಾಕುವಿನಿಂದ ಕೊಯ್ದರು. ಚೌಕಗಳು ನೀರಿಗೆ ಜಾರಿದವು, ಅಂಗೈಗೆ ಗೀರೂ ಇಲ್ಲ. ಉರಿ ಆರಿಸಿದರು, ಸೌಟಿನಲ್ಲಿ ಮಿಸೊ ಕದಡಿದರು. ಮೀನಿನ ಡಬ್ಬಿಗಾಗಿ ಹುಡುಕಲೇ ಇಲ್ಲ. ಅದು ಸಾವಿನ ಮನೆಯವಳಿಗೆ ಮಾಡುತ್ತಿದ್ದ ಸಾರು. ಇವತ್ತು ಯಾವ ವಾರ ಎಂದು ಗೊತ್ತಿಲ್ಲದ ಆ ಕೈಗಳಿಗೆ ಒಂದು ಚೂರೂ ಅನುಮಾನವಿರಲಿಲ್ಲ.

ಬಟ್ಟಲನ್ನು ತಂದು ನನ್ನ ಮುಂದಿಟ್ಟರು. ಇನ್ನೊಂದನ್ನು ತಮ್ಮ ಮುಂದಿಟ್ಟುಕೊಂಡರು.

“ದುಃಖದಲ್ಲಿರುವವರನ್ನು ಒಬ್ಬರೇ ಉಣ್ಣಲು ಬಿಡಬಾರದಂತೆ,” ಸಚಿಕೊ ತಡೆದು ತಡೆದು ಹೇಳಿದಳು.

ಅಜ್ಜಿ ಸಾರು ಕುಡಿದರು. ಅನ್ನ ಉಂಡರು. ನಾನು ಉಂಡೆನೇ ಎಂದು ನೋಡಿ ನೋಡಿ ಉಂಡರು. ಸಚಿಕೊ ಗೋಡೆ ಕಡೆ ತಿರುಗಿ ಕೂತುಬಿಟ್ಟಳು. ಬಟ್ಟಲು ಖಾಲಿಯಾದ ಮೇಲೆ ಅಜ್ಜಿ ಸಚಿಕೊ ಮೂಲಕ ನನ್ನನ್ನು ಕೇಳಿದರು: ನಿಮ್ಮಮ್ಮ ಎಂಥ ಸಾರು ಮಾಡುತ್ತಿದ್ದರು?

ಬೇಳೆ ಸಾರು ಎಂದೆ. ತೊಗರಿಬೇಳೆ, ಟೊಮೆಟೊ, ಕೊನೆಗೆ ತುಪ್ಪದ ಒಗ್ಗರಣೆ ಎಂದು ಹೇಳುತ್ತ ಹೋದೆ. ಒಗ್ಗರಣೆಗೆ ಬಂದಾಗ ಅಳು ಬಂತು. ಆಫೀಸಿಗೆ ಹೋಗುವ ಅವಸರವಿಲ್ಲದ, ಓಕೆ ಎನ್ನಬೇಕಾಗಿಲ್ಲದ ಅಳು.

ಮಾರನೆಯ ಸಂಜೆ ಅಜ್ಜಿಗೆ ಏನೂ ನೆನಪಿರಲಿಲ್ಲ. ನಾನು ಮೀನಿಲ್ಲದ ಸಾರು ಬಡಿಸಿದೆ. ಒಂದು ಗುಟುಕು ಕುಡಿದು, ಬಟ್ಟಲು ಕೆಳಗಿಟ್ಟು, ಯಾರು ತೀರಿಕೊಂಡರು ಎಂದರು. ನಮ್ಮಮ್ಮ ಎಂದೆ. ಬಾಗಿದರು, ಎದ್ದರು, ಸಾರು ಮಾಡಿ ತಂದು ಜೊತೆಗೆ ಕೂತು ಉಂಡರು. ಅದರ ಮಾರನೆಯ ದಿನವೂ ಅಷ್ಟೇ. ಮೀನಿನ ಚೂರನ್ನು ಗಂಡನ ಕೈಯಿಂದ ಹಾಕಿಸಲೇ ಎಂದು ಸಚಿಕೊ ಕೇಳಿದಳು, ಬೇಡ ಎಂದೆ. ಅಜ್ಜಿ ಉಣ್ಣುತ್ತಿದ್ದರು, ಬೂಟುಗಳು ಬಾಗಿಲ ಬಳಿ ಮುಟ್ಟದೆ ಬಿದ್ದಿದ್ದವು, ವೃದ್ಧಾಶ್ರಮದ ಮಾತು ನಿಂತಿತ್ತು. ಸತ್ಯ ಹೇಳಿದರೆ ನಾನು ಬೇಡ ಎಂದದ್ದು ಅದಕ್ಕೊಂದಕ್ಕೇ ಅಲ್ಲ. ಪ್ಲಾಸ್ಟರ್ ಬಿಚ್ಚುವ ತನಕ ದಿನಾ ಸಂಜೆ ಒಬ್ಬರು ನನ್ನಮ್ಮ ಹೋದ ಸುದ್ದಿಯನ್ನು ಅದೇ ತಾನೇ ಕೇಳಿದವರಂತೆ ಕೇಳಿ ಮರುಗಿದರು. ಎರಡು ವರ್ಷ ಯಾರೂ ಕೇಳದ್ದನ್ನು ಅವರೊಬ್ಬರೇ ಎಷ್ಟು ಸಲ ಕೇಳಿದರೋ! ನಾನೂ ದಿನಕ್ಕೊಂದು ಹೇಳಿದೆ: ಅಮ್ಮನ ಸಿಡುಕು, ಅಮ್ಮನ ಮಲ್ಲಿಗೆಯ ಹುಚ್ಚು, ಬಸ್ಸಿನಲ್ಲಿ ಕಿಟಕಿ ಸೀಟಿಗಾಗಿ ನನ್ನ ಜೊತೆಗೇ ಜಗಳ ಆಡುತ್ತಿದ್ದದ್ದು.

ಸಚಿಕೊ ಕೈ ಸರಿಹೋಯಿತು. ಸಾರಿಗೆ ಮೀನು ವಾಪಸಾಯಿತು, ಅಜ್ಜಿ ಮನೆಯಲ್ಲೇ ಉಳಿದರು. ಈಗ ನನ್ನನ್ನು ಕಂಡರೆ ನೆರೆಮನೆಯವಳಿಗೆ ಬಾಗುವಷ್ಟು ಬಾಗುತ್ತಾರೆ. ಏನನ್ನೂ ಕೇಳುವುದಿಲ್ಲ. ಸಾವಿಲ್ಲದ ಮನೆಯಲ್ಲಿ ಕೇಳುವುದೇನು?

ನಿನ್ನೆ ಅಮ್ಮನ ತಿಥಿ. ಮೈಸೂರಿನಲ್ಲಿ ತಮ್ಮ ಮಾಡಿದ, ನಾನು ಫೋನಿನಲ್ಲಿ ನೋಡಿದೆ. ಸಂಜೆ ಕಾರಿಡಾರಿನಲ್ಲಿ ಮೀನಿನ ವಾಸನೆ ಬಂದಾಗ, ಅಜ್ಜಿ ಒಳಗೆ ತಮ್ಮ ಮನೆಯಲ್ಲೇ ಇದ್ದಾರೆ ಎಂದುಕೊಂಡು ನಿಂತವಳು ನಮ್ಮ ಮನೆಗೆ ಹೋಗದೆ ಎದುರು ಬಾಗಿಲು ತಟ್ಟಿದೆ. ಸಚಿಕೊ ಒಲೆಯ ಮುಂದಿದ್ದಳು. ಅಜ್ಜಿ ಪರದೆಯ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದರು. ಅವರ ಮುಂದೆ ಕೂತು, ಯಾರೂ ಕೇಳದೆ, ಕನ್ನಡದಲ್ಲೇ ಹೇಳಿದೆ: “ಅಜ್ಜೀ, ನಮ್ಮಮ್ಮ ಹೋಗ್ಬಿಟ್ರು.”

ಅಜ್ಜಿ ಬಟಾಣಿ ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ಬುಟ್ಟಿಯನ್ನು ನಮ್ಮಿಬ್ಬರ ಮಧ್ಯದಿಂದ ಪಕ್ಕಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಕೇಳಲು ಕೂತರು.