ಫ್ರೆಂಚ್ ಹಾಡಿನಲ್ಲಿ ಉಸಿರಿನ ಜಾಗ

ಥೈರಾಯ್ಡ್ ಆಪರೇಷನ್ ಆದ ಮೇಲೆ ನನಗೆ ಮಾತು ಮೊದಲಿನಂತೆಯೇ ಬಂತು, ಹಾಡು ಬರಲಿಲ್ಲ. ಕೆಳಗಿನ ಸ್ಥಾಯಿಯ ಸಾಲುಗಳನ್ನು ಹೇಗೋ ನಿಭಾಯಿಸುತ್ತಿದ್ದೆ. ದನಿ ಮೇಲಕ್ಕೆ ಹೋಗಬೇಕಾದ ಕಡೆ ಗಂಟಲಲ್ಲಿ ಬರೀ ಗಾಳಿ. ಮಾತಾದರೂ ಉಳಿಯಿತಲ್ಲ, ಸೊಪ್ಪಿನವಳನ್ನು ಮೂರನೇ ಮನೆಯಿಂದ ವಾಪಸ್ ಕರೆಯುವಷ್ಟು ದನಿ ಇದೆಯಲ್ಲ ಎಂದು ಶಿವನಿಗೆ ಕೈ ಮುಗಿದೆ.

ಆದರೂ ಆಸೆ ಬಿಡಲಿಲ್ಲ. ಶೆಟ್ಟಿಹಳ್ಳಿಯ ನಮ್ಮ ಭಜನೆ ಗುಂಪಿನಲ್ಲಿ ಹನ್ನೊಂದು ವರ್ಷದಿಂದ ಮುಂದೆ ಕೂತು ಹಾಡುವವಳು ನಾನು. ನಾನು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನೇ ಹಿಂದಿನಿಂದ ಹಾಡುತ್ತಾರೆ. ಆಪರೇಷನ್ ಆಗಿ ಆರು ತಿಂಗಳು ನಾನು ಮಾಡಿದ್ದೇನೆಂದರೆ, ಮೇಲಿನ ಸಾಲು ಬಂದಾಗ ಬಾಯಿ ಮಾತ್ರ ಆಡಿಸಿ ತಾಳವನ್ನು ಜೋರಾಗಿ ಕುಟ್ಟುವುದು. ಹಿಂದಿನವರು ತಾವಾಗಿಯೇ ಎತ್ತಿಕೊಳ್ಳುತ್ತಿದ್ದರು. ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ.

ಅಷ್ಟರಲ್ಲಿ ಕಾರ್ತಿಕದ ಕಡೇ ಸೋಮವಾರ ಗುಬ್ಬಿಯ ಒಂದು ದೇವಸ್ಥಾನದಲ್ಲಿ ಭಜನೆ ಮಾಡಲು ನಮ್ಮ ಗುಂಪಿಗೆ ಕರೆ ಬಂತು. ಅಲ್ಲಿ ಮೈಕ್ ಇರುತ್ತದೆ, ಅದೂ ಮುಂದೆ ಕೂತವಳ ಬಾಯಿಗೇ. ಬಾಯಿ ಆಡಿಸಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಹಾಡಬೇಕು, ಇಲ್ಲವೇ ಜಾಗ ಬಿಟ್ಟುಕೊಡಬೇಕು. ಅದಕ್ಕೆ ಇನ್ನೂ ಮೂರು ವಾರವಿತ್ತು.

ಡಾಕ್ಟರ್ ಒಂದು ವ್ಯಾಯಾಮ ಹೇಳಿದ್ದರು. ಲೋಟದ ನೀರಿಗೆ ಸ್ಟ್ರಾ ಇಟ್ಟು, ಗುಳುಗುಳು ಅನ್ನಿಸುತ್ತಾ ಸ್ವರ ಹಿಡಿಯುವುದು. ಅದನ್ನು ಸರಿಯಾಗಿ ಮಾಡುವುದು ಹೇಗೆಂದು ನನ್ನ ಮಗಳು ಮೊಬೈಲಿನಲ್ಲಿ ಹುಡುಕುತ್ತಿದ್ದಳು. ಅವಳು ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾಳೆ. ಹುಡುಕುತ್ತಾ ಹೋದಂತೆ ಯಾವುದೋ ದೇಶದ ಹಾಡುಗಾರ್ತಿಯ ವಿಡಿಯೋ ಬಂತು.

"ಅಮ್ಮಾ, ಇಲ್ನೋಡು. ಈಯಮ್ಮನ ಗಂಟಲು ಏನ್ ಮಾಡ್ತಿದೆ ನೋಡು!"

ನಾನು ನೆನೆಸಿದ ಅವರೇಕಾಳು ಹಿಸುಕುತ್ತಾ ಕೂತಿದ್ದೆ. ತಲೆ ಎತ್ತಿದರೆ, ಹಸಿರು ರೇಷ್ಮೆಯ ಉದ್ದ ಗೌನು ತೊಟ್ಟ, ಮೈತುಂಬಿದ ಹೆಂಗಸು. ಹಿಂದೆ ಸಾಲುಸಾಲು ಪಿಟೀಲಿನವರು, ಪಕ್ಕದಲ್ಲಿ ಒಬ್ಬ ಕೊಳಲಿನವನು, ಎಲ್ಲರ ಮುಂದೆ ಸಣ್ಣ ಕಡ್ಡಿ ಹಿಡಿದು ಕೈಯಾಡಿಸುವ ಮುದುಕ. ಅವಳ ಮುಂದೆ ಮೈಕೇ ಇರಲಿಲ್ಲ. ನನಗೆ ಮೊದಲು ಆಶ್ಚರ್ಯವಾದದ್ದು ಅದು. ಅಷ್ಟು ದೊಡ್ಡ ಹಾಲ್, ಮಹಡಿಯ ಮೇಲೂ ಜನ, ಬರೀ ಗಂಟಲು.

ಮೊದಮೊದಲು ಮೆಲ್ಲಗೆ ಹಾಡುತ್ತಿದ್ದಳು. ಆಮೇಲೆ ಮಾತು ನಿಂತು ಬರೀ "ಆ" ಉಳಿಯಿತು. ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಸ್ವರಗಳು ಸಿಡಿಯತೊಡಗಿದವು. ನಮ್ಮ ಸಂಗೀತದಲ್ಲಿ ಒಂದು ಸ್ವರ ಇನ್ನೊಂದಕ್ಕೆ ತೂಗಾಡುತ್ತಾ ಹೋಗಿ ಸೇರುತ್ತದೆ. ಇವಳದು ಹಾಗಲ್ಲ, ಕಟ್ಟದೇ ಬಿಟ್ಟ ಬಿಡಿ ಮೊಗ್ಗುಗಳು. ಅಷ್ಟು ವೇಗದಲ್ಲೂ ಒಂದಕ್ಕೊಂದು ಅಂಟಲಿಲ್ಲ. ಕೊಳಲಿನವನು ಒಂದು ತುಣುಕು ಊದಿದರೆ ಇವಳು ಅದನ್ನೇ ಹಾಡಿ ತೋರಿಸಿ, ಮೇಲೆ ಎರಡು ಸ್ವರ ಸೇರಿಸಿ ಅವನ ಕಡೆ ಹುಬ್ಬು ಹಾರಿಸುತ್ತಿದ್ದಳು. ಕೊನೆಗೆ ಹೋಗಿ ನಿಂತಳಲ್ಲ ಒಂದು ಸ್ವರದ ಮೇಲೆ, ಅಷ್ಟು ಮೇಲೆ ಮನುಷ್ಯರ ದನಿ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನಡುಮನೆಯಿಂದ ನಮ್ಮೆಜಮಾನರು ಕೂಗಿದರು, "ಯಾರಾದ್ರೂ ಆ ಹೆಣ್ಮಗಳಿಗೆ ಒಂಚೂರು ನೀರು ಕೊಡ್ರೇ!"

"ಸುಮ್ನಿರಿ ನೀವು," ಎಂದು ನಾನು ಮಗಳನ್ನು ಕೇಳಿದೆ, "ಯಾವ ದೇವರ ಹಾಡೇ ಇದು?"

"ದೇವ್ರ ಹಾಡಲ್ಲಮ್ಮ. ಫ್ರೆಂಚ್ ಇದು. ಒಬ್ಳು ಹುಡುಗಿ ಗುಡ್ಡದ ಮೇಲೆ ಕೋಗಿಲೆ ಜೊತೆ ಪೈಪೋಟಿಗೆ ಬೀಳ್ತಾಳಂತೆ. ಅಷ್ಟೇ."

"ಯಾರು ಗೆಲ್ತಾರೆ?"

"ಅದೇನೂ ಬರ್ದಿಲ್ಲ ಕಣಮ್ಮ."

ದೇವರ ಹೆಸರೇ ಇಲ್ಲದ ಹಾಡಿಗೆ ನನ್ನ ಮೈ ಯಾಕೆ ಜುಮ್ಮೆಂದಿತು ಎಂದು ಅವತ್ತೆಲ್ಲ ಯೋಚನೆ. ಆ ಗಂಟಲು ಕೊಟ್ಟವನು ಅವನೇ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಮರುದಿನದಿಂದ ಪೂಜೆ ಮುಗಿಸಿ, ಸಾರಿಗೆ ಬೇಳೆ ಇಟ್ಟು, ಅದನ್ನೇ ನೋಡುವುದು ರೂಢಿಯಾಯಿತು. ಒಂದು ದಿನ ಬರೀ ಅವಳ ನಾಲಿಗೆ ನೋಡಿದೆ. ಇನ್ನೊಂದು ದಿನ ಹೊಟ್ಟೆ. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳ ಹಾಗೆ "ಆ" ಅಂದರೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ, "ಏನಾಯ್ತ್ರೀ?" ಅಂದರು.

ನನಗೆ ತಿಳಿಯಬೇಕಾಗಿದ್ದುದು ಒಂದೇ, ಇವಳು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ? ಕದ್ದು ತೆಗೆದುಕೊಳ್ಳುತ್ತಿರಬೇಕು, ನನ್ನ ಹಾಗೆ, ಪಿಟೀಲುಗಳ ಗದ್ದಲದಲ್ಲಿ ಎಂದುಕೊಂಡಿದ್ದೆ. ಐದನೆಯ ದಿನವೋ ಆರನೆಯ ದಿನವೋ ಮಗಳ ಇಯರ್‌ಫೋನ್ ಹಾಕಿಕೊಂಡು ಕೇಳಿದಾಗ ಸಿಕ್ಕಿತು. ಆ ತುದಿಯ ಸ್ವರಕ್ಕೆ ಹೋಗುವ ಮೊದಲು ಅವಳು ನಿಲ್ಲುತ್ತಾಳೆ. ಕಡ್ಡಿ ಹಿಡಿದ ಮುದುಕ ಎಡಗೈ ಎತ್ತುತ್ತಾನೆ. ಪಿಟೀಲಿನವರೆಲ್ಲ ಕಮಾನು ಮೇಲೆತ್ತಿ ಹಾಗೇ ಕೂರುತ್ತಾರೆ. ಹಾಲ್ ಪೂರ್ತಿ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಅವಳು ಬಾಯಿ ತೆರೆದು, ಎಲ್ಲರಿಗೂ ಕೇಳುವಂತೆ ಉಸಿರು ಎಳೆದುಕೊಳ್ಳುತ್ತಾಳೆ. ಭುಜ ಏಳುವುದಿಲ್ಲ, ಪಕ್ಕೆ ಅಗಲವಾಗುತ್ತದೆ. ಅವಸರವಿಲ್ಲ, ನಾಚಿಕೆಯೂ ಇಲ್ಲ. ಇಷ್ಟು ದಿನ ನಾನು ಅದನ್ನು ಹಾಡಿನ ನಡುವಿನ ಖಾಲಿ ಜಾಗ ಎಂದುಕೊಂಡು ದಾಟಿಬಿಟ್ಟಿದ್ದೆ.

ನಮ್ಮ ಗುಂಪಿನಲ್ಲಿ ಹಾರ್ಮೋನಿಯಂ ನುಡಿಸುವವರು ಕುಣಿಗಲ್ ಕಡೆಯ ಹಿರಿಯರು, ನಾವೆಲ್ಲ ಅಕ್ಕ ಅನ್ನುತ್ತೇವೆ. ಅವರು ಮನೆಗೆ ಬಂದಾಗ ವಿಡಿಯೋ ತೋರಿಸಿದೆ. ತೊಡೆಯ ಮೇಲೆ ತಾಳ ಹಾಕುತ್ತಾ ನೋಡಿದವರು ಅರ್ಧಕ್ಕೇ ಕೈ ನಿಲ್ಲಿಸಿದರು.

"ಇದೇನೇ ಇದು, ತಾಳಾನೇ ಸಿಗ್ತಿಲ್ಲ! ಇವ್ಳು ಎಲ್ಲಿ ಬೇಕೋ ಅಲ್ಲಿ ನಿಂತ್ಕೋತಾಳೆ, ಇವ್ರೆಲ್ಲ ಬಾಯ್ ಬಿಟ್ಕೊಂಡು ಕಾಯ್ತಾರೆ."

"ಕಾಯ್ತಾರಲ್ಲಕ್ಕ, ಅದನ್ನೇ ನೋಡಿ."

"ನಮ್ಮೋರು ಕಾಯಲ್ಲ ಬುಡು. ನೀನು ನಿಂತ್ರೆ ಹಿಂದಿನೋರು ಮುಂದಿನ ಪದ ಶುರು ಮಾಡಿರ್ತಾರೆ."

ನಿಜ. ನಮ್ಮಲ್ಲಿ ಒಬ್ಬರ ದನಿ ನಿಂತರೆ ಹತ್ತು ದನಿ ತುಂಬಿಕೊಡುವುದೇ ಮರ್ಯಾದೆ. ಹಾಡು ತುಂಡಾಗಬಾರದು. ಅದೇ ಮರ್ಯಾದೆಯ ಹಿಂದೆ ನಾನು ಆರು ತಿಂಗಳು ಬಚ್ಚಿಟ್ಟುಕೊಂಡಿದ್ದೆ. ಇದನ್ನು ಅಕ್ಕನಿಗೆ ಹೇಳಬೇಕೆಂದು ಬಾಯಿ ತನಕ ಬಂತು, ಅದರ ಬದಲು ಕಾಫಿ ಕೊಟ್ಟೆ.

ಕಡೇ ಸೋಮವಾರ ಸಂಜೆ ಗುಬ್ಬಿಗೆ ಹೋದೆವು. ದೇವಸ್ಥಾನದ ತುಂಬ ಜನ. ಮೊದಲ ನಾಲ್ಕು ಹಾಡು ಕೆಳಗಿನ ಸ್ಥಾಯಿಯವೇ, ತೊಂದರೆಯಾಗಲಿಲ್ಲ. ಐದನೆಯದರಲ್ಲಿ ಮೇಲಿನ ಸಾಲು ಬಂತು. ನನ್ನಲ್ಲಿ ಉಸಿರಿಲ್ಲ. ಮೈಕ್ ಮೂಗಿನ ಮುಂದೆಯೇ ಇದೆ. ವಿಡಿಯೋದ ಆ ಹಾಲ್ ಕಣ್ಣ ಮುಂದೆ ಬಂದು, ಕಡ್ಡಿ ಹಿಡಿದ ಮುದುಕನ ಹಾಗೆ ನಾನೂ ಎಡಗೈ ಎತ್ತಿದೆ.

ನಮ್ಮ ಗುಂಪಿನಲ್ಲಿ ಮುಂದೆ ಕೂತವಳು ಕೈ ಎತ್ತಿದರೆ ಭಜನೆ ಮುಗಿಯಿತು, ಮಂಗಳಾರತಿಯಾಗಲಿ ಎಂದು ಅರ್ಥ. ಹನ್ನೊಂದು ವರ್ಷ ಆ ಕೈ ಎತ್ತಿದವಳು ನಾನೇ. ಆ ಗಳಿಗೆಯಲ್ಲಿ ಅದು ಹೇಗೆ ಮರೆತುಹೋಯಿತೋ. ಹಿಂದಿದ್ದವಳೊಬ್ಬಳು ಗಂಟೆ ಎಳೆದಳು. ಗರ್ಭಗುಡಿಯಲ್ಲಿ ಅಯ್ಯನವರು ಕರ್ಪೂರ ಹತ್ತಿಸಿಯೇಬಿಟ್ಟರು. ಜನರೆಲ್ಲ ಎದ್ದು ಕೈ ಮುಗಿದರು.

"ಅಯ್ಯೋ, ಕೂತ್ಕೊಳ್ರೇ! ಮುಗ್ದಿಲ್ಲ, ಉಸಿರು ತಗೋತಿದ್ದೆ," ಅಂದೆ. ಮೈಕಿನಲ್ಲಿ ಅದು ಹೊರಗಿನ ಬೀದಿಗೂ ಹೋಯಿತು. ಹೋದ ಮೇಲೆ ಇನ್ನೇನು ಎಂದು ಉಳಿದದ್ದನ್ನೂ ಹೇಳಿದೆ. "ಮೇಲಿನ ಸಾಲು ನಂಗೆ ಒಂದೇ ಉಸಿರಲ್ಲಿ ಬರಲ್ಲ. ಆಪರೇಷನ್ ಆದಾಗಿಂದ ಬರಲ್ಲ. ಸುಮ್ನೆ ಬಾಯಿ ಆಡಿಸ್ತಿದ್ದೆ."

ಗಂಟೆ ನಿಂತಿತು. ಅಕ್ಕ ಹಾರ್ಮೋನಿಯಂ ತಿದಿಯಿಂದ ಕೈ ತೆಗೆಯದೆ, "ಗೊತ್ತು ಕಣೇ. ಆರು ತಿಂಗಳಿಂದ ಆ ಜಾಗ ಬಂದಾಗೆಲ್ಲ ನಾನು ಪೆಟ್ಟಿಗೆ ಜೋರು ಮಾಡ್ತಿರೋದು ಯಾಕೆ ಅಂದ್ಕೊಂಡೆ?" ಅಂದರು.

ಯಾರೋ ನಕ್ಕರು. ಅಯ್ಯನವರು ತಟ್ಟೆ ಹಿಡಿದುಕೊಂಡೇ ತಿರುಗಿದರು. "ಬೇಗ ಹಾಡಮ್ಮ, ಕರ್ಪೂರ ಉರೀತಾ ಇದೆ."

"ಇನ್ನೊಂದು ಬಿಲ್ಲೆ ಹಾಕ್ರಿ ಅಯ್ನೋರೆ," ಅಂದರು ಅಕ್ಕ. "ಅವ್ಳು ಉಸಿರು ತಗೊಳ್ಳಿ."

ತೆಗೆದುಕೊಂಡೆ. ಬಾಯಿ ತೆರೆದು, ಮೈಕಿಗೂ ಕೇಳುವಂತೆ, ಪಕ್ಕೆ ತುಂಬ. ಒಬ್ಬರೂ ತಾಳ ಕುಟ್ಟಲಿಲ್ಲ. ಆಮೇಲೆ ಹಾಡಿದೆ. ಮೊದಲಿನ ದನಿಯಲ್ಲ, ತೆಳ್ಳಗಿತ್ತು, ಕೊನೆಯಲ್ಲಿ ಸ್ವಲ್ಪ ನಡುಗಿತು. ಆದರೆ ಆ ಸ್ವರ ಮುಟ್ಟಿತು, ಮುಟ್ಟಿಸಿದವಳು ನಾನೇ. ಅಷ್ಟು ಕೊಟ್ಟನಲ್ಲ ಶಿವ, ಸಾಕು ಎಂದುಕೊಂಡು ಆರತಿ ತೆಗೆದುಕೊಂಡೆ.

ಮುಂದಿನ ಸೋಮವಾರ ಶೆಟ್ಟಿಹಳ್ಳಿಯಲ್ಲಿ, ಯಾರೂ ಬೇಡವೆನ್ನದ್ದರಿಂದ, ನಾನೇ ಮುಂದೆ ಕೂತೆ. ಆ ಸಾಲು ಬಂದಾಗ ಎಲ್ಲರೂ ತಾಳ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದರು. ಅಷ್ಟು ಜನ ಒಟ್ಟಿಗೆ ನೋಡಿದ್ದಕ್ಕೆ ನಗು ಬಂದು, ಎಳೆದುಕೊಂಡ ಉಸಿರೆಲ್ಲ ಹೊರಟುಹೋಯಿತು. ಮತ್ತೆ ಎಳೆದುಕೊಳ್ಳಬೇಕಾಯಿತು. ಅವರು ಕಾದರು.